ಸೋಪುನೀರಿನಲ್ಲಿ ಏಳು ಮಾಸ್ಕು

ನಾಲ್ಕನೆಯ ಮಾಸ್ಕನ್ನು ಅಂಗೈಗಳ ನಡುವೆ ಒತ್ತಿ ನೀರು ಇಳಿಸುತ್ತಿದ್ದೆ. ಹಿಂಡಬಾರದು. ಹಿಂಡಿದರೆ ಅದರ ಮೂತಿ ಸೊಟ್ಟಗಾಗುತ್ತದೆ, ಸೊಟ್ಟ ಮೂತಿಯ ಮಾಸ್ಕನ್ನು ಯಾರೂ ಮುಟ್ಟುವುದಿಲ್ಲ. ಬೂಷ್ಟು ಕೆರೆಯಲು ಹೋಗುವಾಗಲೂ ನಮ್ಮ ಹೆಂಗಸರಿಗೆ ಅಂದ ಬೇಕು. ಬಾಲ್ದಿಯಲ್ಲಿ ಇನ್ನೂ ಮೂರು ತೇಲುತ್ತಿದ್ದವು. ಮೊದಲ ನೀರು ಕಪ್ಪು. ಎರಡನೆಯದು ಬೂದಿ. ಮೂರನೆಯದು ತಿಳಿಯಾಗುವವರೆಗೆ ನಾನು ಬಿಡುವವಳಲ್ಲ.

ನಾದಿನಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಗಂಡನ ತಂಗಿ. ಗಂಡ ಹೋಗಿ ಹದಿನಾರು ವರ್ಷವಾಯಿತು, ತಂಗಿಯನ್ನು ನನಗೆ ಬಿಟ್ಟು ಹೋದ. ಬೇರೇನೂ ಬಿಡಲಿಲ್ಲ.

"ಆ ಮಾಸ್ಕಿಗೆ ಸ್ನಾನ ಮಾಡಿಸೋ ಮುತುವರ್ಜಿ ನನ್ನಣ್ಣನಿಗೆ ತೋರಿಸಿದ್ರೆ ಇನ್ನೂ ನಾಲ್ಕು ದಿನ ಬದುಕಿರ್ತಿದ್ದ," ಎಂದಳು. ಅಷ್ಟು ಹೇಳಲು ಎರಡು ಕಡೆ ಮಾತು ನಿಲ್ಲಿಸಿದಳು. ಈಗ ಅವಳ ಮಾತಿಗೆಲ್ಲ ಮೆಟ್ಟಿಲುಗಳಿವೆ. ಹತ್ತಿ, ನಿಂತು, ಉಸಿರು ತೆಗೆದುಕೊಂಡು ಮತ್ತೆ ಹತ್ತಬೇಕು.

"ನಿನ್ನಣ್ಣ ನೀರು ಕಂಡ್ರೆ ಓಡ್ತಿದ್ದ."

"ಬೂಷ್ಟಿಗೂ ಅವನಿಗೂ ಅದೊಂದೇ ವ್ಯತ್ಯಾಸ, ಅತ್ತಿಗೆ."

ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಮುಗಿಯುವವರೆಗೆ ಐದನೆಯ ಮಾಸ್ಕನ್ನು ನೀರಿನಲ್ಲಿ ಅದುಮಿ ಹಿಡಿದುಕೊಂಡೇ ಕೂತೆ. ಅವಳ ಮುಖ ನೋಡಲಿಲ್ಲ. ಎಂಟು ತಿಂಗಳಿಂದ ನೋಡಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಆ ಕಾರಣ ತಿಳಿಯಬೇಕಾದರೆ ನಮ್ಮ ಕೆಲಸ ತಿಳಿಯಬೇಕು.

ಗೋಡೆಗೆ ಬೂಷ್ಟು ಹಿಡಿದ ಮನೆ, ಅಂಗಡಿ, ಆಫೀಸುಗಳನ್ನು ಶುಚಿ ಮಾಡುವ ಕಂಪನಿಯಲ್ಲಿ ನಾವು ಕೆರೆಯುವವರು. ನಾನು ಹತ್ತೊಂಬತ್ತು ವರ್ಷ ಕೆರೆದಿದ್ದೇನೆ, ನಾದಿನಿ ಹದಿನಾಲ್ಕು. ಬ್ಲೀಚು ಹಾಕಿ ಒರೆಸಿ, ಮೇಲೆ ಬಣ್ಣ ಬಳಿದು ಜಾಗ ಖಾಲಿ ಮಾಡುವವರು ಬೇರೆ ಇದ್ದಾರೆ. ಆರು ತಿಂಗಳಿಗೆ ಆ ಬಣ್ಣದ ಮೇಲೆ ಬೂಷ್ಟು ಮತ್ತೆ ಹಲ್ಲು ಕಿರಿಯುತ್ತದೆ. ನಮ್ಮ ಕಂಪನಿ ಹಾಗಲ್ಲ. ಗೋಡೆಯ ವಿಷಯದಲ್ಲಿ ನಮ್ಮ ಮಾಲೀಕ ಬಲು ಪ್ರಾಮಾಣಿಕ.

ಮೊದಲು ನೀರನ್ನು ಹುಡುಕಬೇಕು. ಒಡೆದ ಪೈಪೋ, ಸೋರುವ ಕಿಟಕಿಯೋ, ಗಾಳಿಯಾಡದ ಬಚ್ಚಲೋ. ಎರಡು ಮುಳ್ಳಿನ ಸಣ್ಣ ಮೀಟರನ್ನು ಗೋಡೆಗೆ ಚುಚ್ಚಿದರೆ ಒಳಗೆಷ್ಟು ತೇವ ಇದೆ ಎಂದು ಅದು ಚಾಡಿ ಹೇಳುತ್ತದೆ. ನೀರು ನಿಲ್ಲಿಸಿದ ಮೇಲೆ ಕೋಣೆಯನ್ನು ಕಟ್ಟಬೇಕು. ನೆಲದಿಂದ ಸೂರಿನವರೆಗೆ ದಪ್ಪ ಪ್ಲಾಸ್ಟಿಕ್ಕು, ಅಂಚಿಗೆಲ್ಲ ಟೇಪು, ಒಳಹೋಗಲು ಜಿಪ್ಪಿನ ಬಾಗಿಲು. ಒಂದು ದೊಡ್ಡ ಯಂತ್ರ ಒಳಗಿನ ಗಾಳಿಯನ್ನು ಎಳೆದು, ಸೋಸಿ, ಕಿಟಕಿಯಿಂದಾಚೆ ದಬ್ಬುತ್ತದೆ. ಆಗ ಪ್ಲಾಸ್ಟಿಕ್ಕು, ಫೋಟೋಗೆ ನಿಂತವರು ಹೊಟ್ಟೆ ಎಳೆದುಕೊಂಡ ಹಾಗೆ, ಒಳಕ್ಕೆ ಬಾಗುತ್ತದೆ. ಬಾಗಿದರೆ ಸರಿ. ಹೊರಗಿನ ಗಾಳಿ ಒಳಗೆ ಬರುತ್ತದೆ, ಒಳಗಿನ ಧೂಳು ಹೊರಗೆ ಹೋಗುವುದಿಲ್ಲ. ಬೂಷ್ಟನ್ನು ಕೆದಕಿದರೆ ಅದು ಸುಮ್ಮನೆ ಸಾಯುವ ಜಾತಿಯಲ್ಲ, ಕಣ್ಣಿಗೆ ಕಾಣದ ಬೀಜ ಉಗುಳುತ್ತದೆ. ಆ ಬೀಜ ಮನೆಯವರ ಹಾಸಿಗೆಗೆ, ಸೋಫಾಕ್ಕೆ, ಮಗುವಿನ ತೊಟ್ಟಿಲಿಗೆ ಹೋಗಬಾರದು. ಹೊರಗೆ ಹೋಗಬಾರದು ಅಂದರೆ ಒಳಗೇ ಇರಬೇಕು.

ಒಳಗೆ ನಾವಿರುತ್ತೇವೆ.

ನೆನೆದ ಗೋಡೆಹಲಗೆಯನ್ನು ಕತ್ತರಿಸಿ ಕೀಳುತ್ತೇವೆ. ಹಿಂದಿನ ಮರದ ಪಟ್ಟಿಗಳನ್ನು ತಂತಿ ಬ್ರಷ್ಷಿನಿಂದ ಕೆರೆಯುತ್ತೇವೆ. ಮಂಡಿಯೂರಿ ಕೆರೆಯಬೇಕು, ಬಗ್ಗಿ ಕೆರೆಯಬೇಕು. ಸೂರಾದರೆ ಕತ್ತು ಹಿಂದಕ್ಕೆ ಚೆಲ್ಲಿ ಕೆರೆಯಬೇಕು, ಉದುರಿದ್ದೆಲ್ಲ ನೇರ ಮುಖಕ್ಕೆ. ಕಿತ್ತದ್ದನ್ನು ದಪ್ಪ ಚೀಲಕ್ಕೆ ತುಂಬಿ, ಬಾಯಿಯನ್ನು ಕೋಳಿಯ ಕತ್ತಿನ ಹಾಗೆ ತಿರುಚಿ, ಮಡಿಸಿ, ಟೇಪು ಸುತ್ತಿ, ಹೊರಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಚೀಲದೊಳಗಿಟ್ಟು ಮತ್ತೆ ತಿರುಚಬೇಕು. ಆಮೇಲೆ ಹೊರಬೇಕು. ನಾಲ್ಕು ಮಹಡಿಯಾದರೆ ನಾಲ್ಕು ಮಹಡಿ. ಲಿಫ್ಟು ಇರುತ್ತದೆ, ನಮಗಲ್ಲ.

ಕೊನೆಗೆ ಗಂಡಸರು ಬಂದು ಹೀರುವ ಯಂತ್ರದಿಂದ ಮೂಲೆಮೂಲೆಯ ಧೂಳು ಹೀರುತ್ತಾರೆ. ಒಣಗಿಸುವ ಯಂತ್ರ ಮೂರು ದಿನ ಗುರುಗುಟ್ಟುತ್ತದೆ. ಬೇರೆ ಕಂಪನಿಯ ಪರೀಕ್ಷಕ ಬಂದು ಒಂದು ಡಬ್ಬಿಯಲ್ಲಿ ಗಾಳಿ ಹಿಡಿದುಕೊಂಡು ಹೋಗುತ್ತಾನೆ. ಪಾಸಾಯಿತು ಎಂದು ಕಾಗದ ಬಂದ ಮೇಲೆ ಮನೆಯವರು ಒಳಗೆ ಬಂದು, ಮೂಗೆಳೆದು, "ಏನೂ ವಾಸನೇನೇ ಇಲ್ಲ" ಎಂದು ಹಿಗ್ಗುತ್ತಾರೆ. ಇಷ್ಟೆಲ್ಲದರಲ್ಲಿ ಪರೀಕ್ಷೆಯಾಗದೆ ಉಳಿಯುವ ಜಾಗ ಒಂದೇ. ನಮ್ಮ ಎದೆ.

ಯಂತ್ರ ಹಿಡಿಯುವ ಗಂಡಸರಿಗೆ ರಬ್ಬರಿನ ಮಾಸ್ಕು, ಎರಡು ಕೆನ್ನೆಗೂ ಡಬ್ಬಿ. ಹಂದಿಗಳ ಹಾಗೆ ಕಾಣುತ್ತಾರೆ. ಆದರೆ ಆ ಹಂದಿಗಳು ಕೆಮ್ಮುವುದಿಲ್ಲ. ಕೆರೆಯುವ ಏಳು ಹೆಂಗಸರಿಗೆ ಬಿಳಿಯ, ಬಟ್ಟಲಿನಾಕಾರದ ಮಾಸ್ಕು. ಅದೂ ಒಳ್ಳೆಯದೇ, ಹೊಸದಾಗಿದ್ದಾಗ. ನಮಗೆ ಹೊಸದು ಬರುವುದು ವರ್ಷಕ್ಕೆ ಎರಡು ಸಲ. ನಡುವಿನ ದಿನಗಳಿಗೆಲ್ಲ ಅದನ್ನೇ ತೊಳೆಯಬೇಕು.

ತೊಳೆಯುವವಳು ನಾನು.

ಬಲವಂತವೇನಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ನಮ್ಮ ಮೇಲ್ವಿಚಾರಕ "ಯಾರ ಮನೇಲಿ ನಲ್ಲಿ ಚೆನ್ನಾಗಿ ಬರುತ್ತೆ?" ಎಂದು ಕೇಳಿದ. ಟೇಪಿನ ಸುರುಳಿಯನ್ನು ಬಳೆಯ ಹಾಗೆ ಕೈಗೆ ಹಾಕಿಕೊಂಡೇ ಓಡಾಡುವುದರಿಂದ ಅವನನ್ನು ಟೇಪಣ್ಣ ಎನ್ನುತ್ತೇವೆ. ನಾನು ಕೈ ಎತ್ತಿದೆ. ಮೊದಲ ವಾರ ತೊಳೆದು, ನೆರಳಲ್ಲಿ ಒಣಗಿಸಿ, ಒಂದರೊಳಗೊಂದು ಕೂರಿಸಿ ತಂದುಕೊಟ್ಟಾಗ ತಿರುಗಿಸಿ ತಿರುಗಿಸಿ ನೋಡಿದ. "ಅಮ್ಮಾ, ಹೊಸದೇ ನಾಚ್ಕೋಬೇಕು," ಎಂದ. ಆ ಒಂದು ಮಾತಿಗೆ ನಾನು ಹನ್ನೆರಡು ವರ್ಷ ತೊಳೆದೆ. ಹೊಗಳಿಸಿಕೊಂಡು ಅಭ್ಯಾಸವಿಲ್ಲದವರಿಗೆ ಒಂದೇ ಸಾಲು ಬಹಳ ಕಾಲ ಬಾಳಿಕೆ ಬರುತ್ತದೆ.

ಎರಡು ವರ್ಷದ ಹಿಂದೆ ನಾದಿನಿ ಚೀಲ ಹೊತ್ತು ಇಳಿಯುತ್ತಿದ್ದವಳು ಮೂರನೆಯ ಮಹಡಿಯ ತಿರುವಿನಲ್ಲಿ ಕೂತುಬಿಟ್ಟಳು. ಚೀಲವನ್ನು ಮಾತ್ರ ಕೈಬಿಡಲಿಲ್ಲ, ಒಡೆದರೆ ಧೂಳು ಹರಡುತ್ತದಲ್ಲ. ಡಾಕ್ಟರು ಎದೆಯ ಚಿತ್ರ ತೆಗೆಸಿ, "ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗಿದೆ. ಬೂಷ್ಟಿನ ಧೂಳು ಕುಡಿದಿದ್ದಾರೆ," ಎಂದರು. ಅದು ಕೆಲಸದಿಂದ ಬಂದ ಕಾಯಿಲೆ ಎಂದು ಕಾರ್ಮಿಕರ ಆರೋಗ್ಯ ಕಚೇರಿ ಒಪ್ಪಿದರೆ ದೊಡ್ಡ ಆಸ್ಪತ್ರೆ, ಮನೆಗೆ ಆಮ್ಲಜನಕದ ಯಂತ್ರ. ಒಪ್ಪದಿದ್ದರೆ ಬಾಗಿಲು, ಕುರ್ಚಿ, ಮೆಟ್ಟಿಲು ಹತ್ತುವ ಮಾತು.

ಕಚೇರಿಯವರು ಕಂಪನಿಯನ್ನು ಕೇಳಿದರು. ಕಂಪನಿ ಬರೆಯಿತು: ಎಲ್ಲ ಕೆಲಸಗಾರರಿಗೂ ಮಾಸ್ಕ್ ಕೊಡಲಾಗಿದೆ, ಈಕೆ ಸರಿಯಾಗಿ ಧರಿಸುತ್ತಿರಲಿಲ್ಲ.

ಧರಿಸುತ್ತಿರಲಿಲ್ಲವಂತೆ. ಅವಳ ಮೂಗಿನ ಮೇಲೆ ಮಾಸ್ಕಿನ ಪಟ್ಟಿ ಒತ್ತಿದ ಗೆರೆ ಇವತ್ತಿಗೂ ಇದೆ. ಮುಖ ತೊಳೆದರೂ ಹೋಗುವುದಿಲ್ಲ, ಮಲಗಿ ಎದ್ದರೂ ಹೋಗುವುದಿಲ್ಲ.

"ಜೊತೆ ಕೆಲಸ ಮಾಡಿದವರು ಯಾರಾದ್ರೂ ಬರೆದುಕೊಟ್ರೆ ಮತ್ತೆ ತೆಗೆದು ನೋಡ್ತೀವಿ," ಎಂದರು ಕಚೇರಿಯವರು. ಏಳು ಹೆಂಗಸರಲ್ಲಿ ಬರೆಯಲು ಬರುವವರು ಒಬ್ಬರೂ ಇರಲಿಲ್ಲ. ಹಾಗಾಗಿ ಅರವತ್ತೊಂದನೆಯ ವಯಸ್ಸಿಗೆ ನಾನು ರಾತ್ರಿಶಾಲೆ ಸೇರಿದೆ. ಕೆರೆದು ಕೆರೆದು ಬೆರಳು ಮಡಚದಾಗಿದ್ದವು. ಪೆನ್ಸಿಲನ್ನೂ ಬ್ರಷ್ಷಿನ ಹಾಗೇ ಮುಷ್ಟಿಯಲ್ಲಿ ಹಿಡಿಯುತ್ತಿದ್ದೆ. ಮೊದಲ ತಿಂಗಳು ನನ್ನ ಅಕ್ಷರಗಳು ಹಾಳೆಯ ಆ ಮಗ್ಗುಲಿಗೂ ಕಾಣುತ್ತಿದ್ದವು.

ಟೀಚರಮ್ಮ ಅಂಚೆ ಕಚೇರಿಯಲ್ಲಿದ್ದು ನಿವೃತ್ತಳಾದವಳು. ಒಂದು ಸಂಜೆ, ಮನೆಯಲ್ಲಿರುವ ಅಚ್ಚಾದ ಏನನ್ನಾದರೂ ತಂದು ಓದಬೇಕೆಂದಳು. ಒಬ್ಬಳು ಸೋಪಿನ ಹೊದಿಕೆ ತಂದಳು. ಒಬ್ಬ ಮುದುಕ ತನ್ನ ಮದುವೆಯ ಕರೆಯೋಲೆ ತಂದ. ಅಕ್ಷರ ಕೂಡಿಸಿ ಓದಿ ನೋಡಿದರೆ ಅದು ಅವನ ತಮ್ಮನ ಮದುವೆಯದು. ನಲವತ್ತು ವರ್ಷ ಜೋಪಾನ ಮಾಡಿದ್ದನಂತೆ. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು, ಅವನೂ ನಕ್ಕ.

ನಾನು ತಂದದ್ದು ಮಾಸ್ಕಿನ ಡಬ್ಬಿಯ ಮುಚ್ಚಳ. ಅಂಗಿಯ ಗುಂಡಿ ಹಾಕಿಡಲು ಟೇಪಣ್ಣನಿಂದ ಕೇಳಿ ಪಡೆದದ್ದು. ಜಂಬದಿಂದಲೇ ಎದ್ದು ನಿಂತೆ. ನನ್ನ ಕೆಲಸದ ಸಾಮಾನು ನೋಡಿ ಎನ್ನುವ ಹಾಗೆ.

"ಒಂ-ದು ಪಾ-ಳಿ-ಗೆ ಮಾ-ತ್ರ. ಬ-ಳ-ಸಿ ಎ-ಸೆ-ಯಿ-ರಿ. ತೊ-ಳೆ-ಯ-ಬಾ-ರ-ದು."

ಟೀಚರಮ್ಮ ಮುಚ್ಚಳ ಈಸಿಕೊಂಡು ಕೆಳಗಿನ ಸಣ್ಣ ಅಕ್ಷರಗಳನ್ನು ತಾನೇ ಓದಿದಳು. ಒಳಪದರಕ್ಕೆ ಧೂಳನ್ನು ಸೆಳೆದು ಹಿಡಿಯುವ ಗುಣ ಇರುತ್ತದೆ, ಸೋಪುನೀರು ತಗುಲಿದರೆ ಆ ಗುಣ ಹೋಗುತ್ತದೆ.

ಮುದುಕ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ. "ಅಜ್ಜಿ, ನಿಂದು ಯಾರ ಮದುವೇದು?" ಎಂದ.

ನಾನು ಕೂತೆ. ಮೂರನೆಯ ನೀರು ತಿಳಿಯಾಗುವವರೆಗೆ ಬಿಡುವವಳಲ್ಲ ಎಂದೆನಲ್ಲ. ಬೇರೆ ಯಾರಾದರೂ ಸೋಮಾರಿ ತೊಳೆದಿದ್ದರೆ ಆ ಗುಣ ಒಂದಿಷ್ಟಾದರೂ ಉಳಿಯುತ್ತಿತ್ತೋ ಏನೋ. ನಾನು ಮೂರು ಸಲ ತೊಳೆದೆ. ನಾದಿನಿಯದನ್ನು ನಾಲ್ಕು ಸಲ, ಮನೆಯವಳಲ್ಲವೇ ಎಂದು.

ಮಾರನೆಯ ಬೆಳಿಗ್ಗೆ ಟೇಪಣ್ಣನನ್ನು ಹಿಡಿದೆ. "ಡಬ್ಬಿ ಮೇಲೆ ತೊಳೀಬಾರದು ಅಂತ ಇದೆಯಲ್ಲೋ."

"ಯಾರು ಹೇಳಿದ್ರು?"

"ಡಬ್ಬೀನೇ ಹೇಳ್ತು."

"ಡಬ್ಬಿ ಮಾಡೋನಿಗೆ ಡಬ್ಬಿ ಮಾರ್ಬೇಕು, ಅದಕ್ಕೆ ಹಂಗೆ ಬರೀತಾನೆ. ನೀನು ಎರಡಕ್ಷರ ಕಲಿತಿದ್ದೇ ತಡ, ಡಬ್ಬಿ ಜೊತೆ ಮಾತಾಡಕ್ಕೆ ಶುರು ಮಾಡಿದ್ಯಾ? ಹೋಗು, ತೊಳ್ಕೊಂಡು ಬಾ."

ಹೋದೆ. ತೊಳೆದೆ. ಗೊತ್ತಿಲ್ಲದೆ ಹನ್ನೊಂದು ವರ್ಷ ಚಿಲ್ಲರೆ, ಗೊತ್ತಿದ್ದೂ ಎಂಟು ತಿಂಗಳು. ತೊಳೆಯದಿದ್ದರೆ ಹೆಂಗಸರು ಕೊಳಕು ಮಾಸ್ಕು ಹಾಕಿಕೊಳ್ಳಬೇಕಿತ್ತು, ಅದು ಇನ್ನೂ ಕೇಡು ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಹೇಳಿಕೊಳ್ಳುವುದರಲ್ಲಿ ಜಾಣೆ. ಆ ಹೆಂಗಸರಿಗೆ ಮಾತ್ರ ಹೇಳಲಿಲ್ಲ.

ಕಾಗದ ಬರೆದೆ. ಕೋಣೆ ಕಟ್ಟುವುದು, ಕೆರೆಯುವುದು, ವರ್ಷಕ್ಕೆರಡು ಹೊಸ ಮಾಸ್ಕು, ಉಳಿದ ದಿನ ತೊಳೆದದ್ದು. ಟೀಚರಮ್ಮ ಓದಿ ಕನ್ನಡಕ ತೆಗೆದಳು. "ಎಲ್ಲಾ ಇದೆ. ತೊಳೆದವರು ಯಾರು ಅನ್ನೋದು ಮಾತ್ರ ಇಲ್ಲ. ಅವರು ಮೊದಲು ಕೇಳೋದೇ ಅದನ್ನ."

"ಬರೆದು ತರ್ತೀನಿ," ಎಂದೆ. ಬರೆಯದೆ ಮನೆಗೆ ತಂದು ಪೆಟ್ಟಿಗೆಯ ತಳಕ್ಕಿಟ್ಟೆ. ನಾದಿನಿ ವಾರಕ್ಕೊಂದು ಸಲ ಕೇಳುತ್ತಿದ್ದಳು. "ಅತ್ತಿಗೆ, ನಿನ್ನ ಕಾಗದ ಹೋಯ್ತಾ?" "ಅಕ್ಷರ ಇನ್ನೂ ದುಂಡಗಾಗಿಲ್ಲ," ಎನ್ನುತ್ತಿದ್ದೆ. "ಅವರೇನು ಹೆಣ್ಣು ನೋಡಕ್ಕೆ ಬರ್ತಾರಾ," ಎನ್ನುತ್ತಿದ್ದಳು. ನನಗೆ ಇನ್ನೊಂದು ನೆಪವೂ ಇತ್ತು. ಮಾಲೀಕನಿಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ, ಎಲ್ಲ ಟೇಪಣ್ಣನ ಕಿತಾಪತಿ. ಮಾಲೀಕ ನನ್ನನ್ನು ತಾಯಿ ಎಂದು ಕರೆಯುತ್ತಾನೆ. ತಾಯಿ ಎನ್ನುವವನ ಮೇಲೆ ಕಾಗದ ಬರೆಯುವುದು ಹೇಗೆ?

ಬಾಲ್ದಿಯ ಏಳೂ ಮಾಸ್ಕುಗಳನ್ನು ಒಣಗಿಸಿ ಮಾರನೆಯ ದಿನ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದೆ. ಐದು ಮಹಡಿಯ ಆಫೀಸು ಕಟ್ಟಡ. ಎರಡನೆಯ ಮಹಡಿಯಲ್ಲಿ ತಣ್ಣನೆ ಗಾಳಿಯ ಕೊಳವೆ ಸೋರಿ, ಸಭೆ ನಡೆಸುವ ಕೋಣೆಯ ಗೋಡೆ ಒಳಗಿನಿಂದ ಕಪ್ಪಾಗಿತ್ತು. ಪ್ಲಾಸ್ಟಿಕ್ಕು ಕಟ್ಟಿಯಾಗಿತ್ತು, ಯಂತ್ರ ಓಡುತ್ತಿತ್ತು. ನಾವು ಏಳೂ ಜನ ಜಿಪ್ಪಿನ ಬಾಗಿಲ ಮುಂದೆ ಬಿಳಿ ಅಂಗಿ ತೊಟ್ಟು, ಒಬ್ಬೊಬ್ಬರಾಗಿ ಮಾಸ್ಕು ಕಟ್ಟಿಕೊಳ್ಳುತ್ತಿದ್ದಾಗ ಮಾಲೀಕ ಬಂದ. ಜೊತೆಗೆ ಕಟ್ಟಡದ ಒಡತಿ. ಅವಳಿಗೆ ಇಂಥ ಕಟ್ಟಡ ಇನ್ನೂ ಹನ್ನೊಂದಿವೆಯಂತೆ. ಅದಕ್ಕೇ ಮಾಲೀಕನ ಬೆನ್ನು ಅವತ್ತು ಅಷ್ಟು ಬಗ್ಗಿತ್ತು.

"ಒಳಗೆ ಹೋಗಿ ನೋಡಬಹುದಾ?" ಎಂದಳು ಒಡತಿ.

"ಧಾರಾಳವಾಗಿ ಮೇಡಂ. ಏಯ್, ಎರಡು ಮಾಸ್ಕ್ ತಾರೋ."

ಹೊಸ ಡಬ್ಬಿ ಕೆಳಗೆ ವ್ಯಾನಿನಲ್ಲಿತ್ತು. ಟೇಪಣ್ಣ ಹಿಂದೆ ಮುಂದೆ ನೋಡದೆ ನನ್ನ ಚೀಲಕ್ಕೆ ಕೈಹಾಕಿ ಎರಡು ಎತ್ತಿ ಕೊಟ್ಟ. ಹಾಲಿನಷ್ಟು ಬಿಳಿ. ನನಗೆ, ನಾಚಿಕೆಗೇಡು, ಒಂದು ಕ್ಷಣ ಹೆಮ್ಮೆಯೇ ಆಯಿತು.

ಮಾಲೀಕ ಒಂದನ್ನು ಒಡತಿಯ ಕಡೆ ಚಾಚಿದವನು ಅದರ ಪಟ್ಟಿ ನೋಡಿದ. ಹರಿದಲ್ಲಿ ನಾನು ಹಾಕಿದ ಗಂಟು. ಕೈ ಹಿಂದಕ್ಕೆ ಬಂತು. ಟೇಪಣ್ಣನನ್ನು ಗೋಡೆಯ ಕಡೆ ಎಳೆದು ಹಲ್ಲು ಕಚ್ಚಿ ಹೇಳಿದ. ಯಂತ್ರದ ಸದ್ದಿಗೆ ನಮಗೆ ಕೇಳುವುದಿಲ್ಲ ಎಂದುಕೊಂಡ. ಹತ್ತೊಂಬತ್ತು ವರ್ಷ ಆ ಸದ್ದಿನೊಳಗೇ ಮಾತಾಡಿಕೊಂಡವರು ನಾವು.

"ಇದು ತೊಳೆದದ್ದು ಕಣೋ ಕತ್ತೆ. ತೊಳೆದ ಮೇಲೆ ಇದ್ರಲ್ಲಿ ಏನಿರುತ್ತೆ? ಧೂಳೆಲ್ಲ ನೇರ ಒಳಗೆ ಹೋಗುತ್ತೆ. ಇದನ್ನ ಅವರಿಗೆ ಕೊಡ್ತೀಯಾ? ಓಡು, ಹೊಸ ಡಬ್ಬಿ ಒಡಿ."

ಟೇಪಣ್ಣ ಓಡಿದ. ಮಾಲೀಕ ತಿರುಗಿ ನಕ್ಕ. "ತಾಯಿ, ನೀವು ಒಳಗೆ ಹೋಗಿ ಶುರು ಮಾಡಿ. ಮೇಡಂ ನೋಡ್ಲಿ."

ನನ್ನ ಕಾಲು ಅಭ್ಯಾಸಬಲದಿಂದ ಒಂದು ಹೆಜ್ಜೆ ಹೋಯಿತು. ಇನ್ನೊಂದು ಹೋಗಲಿಲ್ಲ. ಬ್ರಷ್ಷನ್ನು ನೆಲದ ಮೇಲಿಟ್ಟೆ. ಅವನ ಕೈಯಲ್ಲಿದ್ದ ಮಾಸ್ಕನ್ನು ತೋರಿಸಿದೆ.

"ಹಾಕ್ಕೊಳ್ಳಿ ಸಾರ್."

"ಏನು?"

"ಹಾಕ್ಕೊಂಡು ಬನ್ನಿ, ಜೊತೇಲೇ ಹೋಗೋಣ. ಮೂರು ನೀರಲ್ಲಿ ತೊಳೆದಿದ್ದೀನಿ. ನಿಮಗೆ ಬೇಕಾದ್ರೆ ಇನ್ನೊಂದು ಸಲ ಸೋಪು ಹಾಕ್ತೀನಿ."

"ತಮಾಷೆ ಬೇಡ. ಒಳಗೆ ಹೋಗಿ."

"ನಾವು ಇದನ್ನೇ ಹಾಕ್ಕೊಂಡು ಎಂಟು ಗಂಟೆ ಇರ್ತೀವಿ. ನೀವು ಎಂಟು ನಿಮಿಷ ಇರಿ ಸಾಕು."

ಒಡತಿ ಅವನ ಮುಖ ನೋಡಿದಳು. "ಏನು ವಿಷಯ?"

"ಏನಿಲ್ಲ ಮೇಡಂ. ಪಾಪ, ವಯಸ್ಸಾಯ್ತು."

"ಹೌದು," ಎಂದೆ. "ಮಾಸ್ಕಿಗೂ."

ಬಾಲ್ದಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ಮಿಕ್ಕ ಆರು ಹೆಂಗಸರು ನನ್ನನ್ನು ನೋಡಿದರು. ನಾದಿನಿಯ ಜಾಗಕ್ಕೆ ಬಂದವಳು ಮೊದಲು ಮಾಸ್ಕು ಕಳಚಿದಳು. ಎರಡು ವರ್ಷದ ಹಿಂದೆ ಇವಳು ಮೊದಲು ಹಾಕಿಕೊಂಡದ್ದು ನಾದಿನಿಯ ಮಾಸ್ಕನ್ನು. ನಾದಿನಿ ಮೆಟ್ಟಿಲ ತಿರುವಿನಲ್ಲಿ ಕೂತುಬಿಟ್ಟ ಮಾರನೆಯ ದಿನ ಅದನ್ನೇ ತೊಳೆದು ಇವಳ ಮುಖಕ್ಕೆ ಕಟ್ಟಿದವಳೂ ನಾನೇ. ಇವಳು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಯಾರೂ ಘೋಷಣೆ ಕೂಗಲಿಲ್ಲ. ಒಬ್ಬಳು ಕಾಲು ನೀಡಿಕೊಂಡು "ಅಬ್ಬ, ಸೊಂಟ" ಎಂದಳು, ಅಷ್ಟೇ. ಯಂತ್ರ ಖಾಲಿ ಕೋಣೆಯ ಗಾಳಿ ಎಳೆಯುತ್ತಿತ್ತು. ಪ್ಲಾಸ್ಟಿಕ್ಕು ಹೊಟ್ಟೆ ಎಳೆದುಕೊಂಡೇ ನಿಂತಿತ್ತು.

ಒಡತಿ ನಮ್ಮ ಪರ ಒಂದು ಮಾತಾಡುತ್ತಾಳೆ ಎಂದು ನೀವು ಕಾಯುತ್ತಿದ್ದರೆ, ನಾವೂ ಕಾದೆವು. ಅವಳು ಗಡಿಯಾರ ನೋಡಿಕೊಂಡು, "ಇದೆಲ್ಲ ನಿಮ್ಮ ಒಳಗಿನ ವಿಷಯ. ಗೋಡೆ ಶುಕ್ರವಾರಕ್ಕೆ ಆಗ್ಬೇಕು," ಎಂದು ಲಿಫ್ಟಿಗೆ ಹೋದಳು.

ಶುಕ್ರವಾರಕ್ಕೆ ಆಗಬೇಕಾದ್ದರಿಂದ ಟೇಪಣ್ಣ ತಂದ ಹೊಸ ಡಬ್ಬಿ ನಮಗೇ ಒಡೆಯಿತು. ಆರು ಜನಕ್ಕೆ ಆರು. ನನಗೆ ಏಳನೆಯದು ಕೊಡಲಿಲ್ಲ.

"ನಾಳೆಯಿಂದ ಬರಬೇಡಿ," ಎಂದ ಮಾಲೀಕ. ತಾಯಿ ಎನ್ನಲಿಲ್ಲ.

"ಆಗ್ಲಿ ಮಗನೇ," ಎಂದೆ ನಾನು. ಏಳೂ ತೊಳೆದ ಮಾಸ್ಕುಗಳನ್ನು ಚೀಲಕ್ಕೆ ತುಂಬಿಕೊಂಡೆ. ಲಿಫ್ಟಿನಲ್ಲೇ ಇಳಿದೆ.

ಮನೆಗೆ ಬಂದಾಗ ಮಧ್ಯಾಹ್ನ. ನಾದಿನಿ ಅದೇ ಕುರ್ಚಿಯಲ್ಲಿದ್ದಳು. ಎಂಟು ತಿಂಗಳ ಮೇಲೆ ಅವಳ ಮುಖ ನೋಡಿದೆ. ಮೂಗಿನ ಮೇಲಿನ ಗೆರೆ ನೋಡಿದೆ. ನಿಂತೇ ಹೇಳಿದೆ. ಡಬ್ಬಿಯ ಮುಚ್ಚಳ, ಸೋಪು, ಮೂರು ನೀರು, ಅವಳದಕ್ಕೆ ನಾಲ್ಕು.

ಅವಳು ಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತಳು. ಉಸಿರು ಒಟ್ಟುಮಾಡಿಕೊಳ್ಳುತ್ತಿದ್ದಾಳೋ, ಸಿಟ್ಟನ್ನೋ ತಿಳಿಯಲಿಲ್ಲ.

"ಇಷ್ಟು ವರ್ಷದಲ್ಲಿ," ಎಂದು ನಿಂತಳು. "ನೀನು ನೆಟ್ಟಗೆ ಮಾಡಿದ್ದು ಇದೊಂದು ಕೆಲಸ ಅಂದ್ಕೊಂಡಿದ್ದೆ." ಮತ್ತೆ ನಿಂತಳು. "ಅದೂ ಹೋಯ್ತು."

ನಾನು ತಲೆ ತಗ್ಗಿಸಿದೆ.

"ಮಾಲೀಕನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಇವತ್ತು ಅವನ ಬಾಯಲ್ಲೇ ಬಂತು."

"ಮತ್ತೆ ನೀನ್ಯಾಕೆ ಕಂಬದ ಹಾಗೆ ನಿಂತಿದ್ದೀಯ? ಪೆಟ್ಟಿಗೆ ತೆಗಿ."

"ನಿಂಗೆ ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ. ಅದನ್ನ ಆಮೇಲೆ ನೋಡ್ಕೋತೀನಿ. ಅದಕ್ಕೆ ಉಸಿರು ಬೇಕು. ಮೊದಲು ಆ ಉಸಿರಿನ ಯಂತ್ರ ತರಿಸು."

ಕಾಗದ ತೆಗೆದು ಅವಳ ಮೊಣಕಾಲಿನ ಪಕ್ಕ ಕೂತು ಬರೆದೆ. ಅಕ್ಷರ ದುಂಡಗಾಗಲಿಲ್ಲ. *ಏಳು ಜನರ ಮಾಸ್ಕುಗಳನ್ನು ಹನ್ನೆರಡು ವರ್ಷ ಸೋಪುನೀರಿನಲ್ಲಿ ತೊಳೆದವಳು ನಾನೇ. ಕಂಪನಿಯ ಮೇಲ್ವಿಚಾರಕ ಹೇಳಿದ್ದಕ್ಕೆ ತೊಳೆದೆ. ತೊಳೆಯಬಾರದು ಎಂದು ಓದಿದ ಮೇಲೂ ತೊಳೆದೆ. ತೊಳೆದರೆ ಅದು ಧೂಳು ತಡೆಯುವುದಿಲ್ಲ ಎಂದು ಮಾಲೀಕನಿಗೆ ಗೊತ್ತು, ಆರು ಜನರ ಮುಂದೆ ಹೇಳಿದ್ದಾನೆ. ನನ್ನ ನಾದಿನಿ ಒಂದು ದಿನವೂ ಮಾಸ್ಕಿಲ್ಲದೆ ಕೆಲಸ ಮಾಡಲಿಲ್ಲ. ಬಂದು ಅವಳ ಮೂಗು ನೋಡಿ.*

ನಾದಿನಿ ಹಾಳೆ ಈಸಿಕೊಂಡು ಮಸಿ ಆರಲೆಂದು ಊದಿದಳು. ಎರಡು ಸಲ ಊದುವಷ್ಟು ಉಸಿರಿತ್ತು. ಮೂರನೆಯದಕ್ಕೆ ನನ್ನ ಕೈಗೆ ಕೊಟ್ಟಳು, ನಾನು ಊದಿದೆ.

ಗಂಟು ಹಾಕಿದ ಮಾಸ್ಕೊಂದನ್ನು ಸಣ್ಣ ಚೀಲಕ್ಕೆ ಹಾಕಿ, ಬಾಯಿ ತಿರುಚಿ, ಮಡಿಸಿ, ಟೇಪು ಸುತ್ತಿ, ಹೊರಮೈ ಒರೆಸಿ, ಇನ್ನೊಂದು ಚೀಲದಲ್ಲಿಟ್ಟು ಮತ್ತೆ ತಿರುಚಿದೆ. ಕಾಗದದ ಜೊತೆ ಲಕೋಟೆಗೆ ಸೇರಿಸಿದೆ. ವಿಳಾಸ ಬರೆಯುವುದು ಟೀಚರಮ್ಮ ಚೆನ್ನಾಗಿ ಕಲಿಸಿದ್ದಳು.

ಅಂಚೆ ಕಚೇರಿ ಮುಚ್ಚಲು ಕಾಲು ಗಂಟೆ ಇತ್ತು. ಗುಮಾಸ್ತ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು ಬೆರಳಿನಿಂದ ಅದುಮಿದ. ಉಬ್ಬಿತ್ತು.

"ಒಳಗೇನಿದೆ ಅಜ್ಜಿ?"

"ಕಾಗದ. ಒಂದು ತೊಳೆದ ಮಾಸ್ಕು."

"ಬಲವಾಗಿ ಕಟ್ಟಿದ ಹಾಗಿದೆ. ಒಂದು ಮಾಸ್ಕಿಗೆ ಇಷ್ಟು ಕಟ್ಟಾ?"

"ದಾರೀಲಿ ಎಲ್ಲೂ ಬಿಚ್ಕೋಬಾರದು. ಬಿಚ್ಚೋದು ಅವರ ಮೇಜಿನ ಮೇಲೇ ಆಗ್ಲಿ."

ಅವನು ಭುಜ ಕುಣಿಸಿ, ಮುದ್ರೆಯನ್ನು ಮಸಿಗೆ ಒತ್ತಿ, ಲಕೋಟೆಯ ಮೇಲೆ ಧಪ್ಪನೆ ಕುಟ್ಟಿ, ಹಿಂದಿನ ಬುಟ್ಟಿಗೆ ಎಸೆದ.